ಪೋನಿ ಅಂದರೆ ಕುದುರೆಮರಿಯೇ? ತಟ್ಟು, ಪಳಗಿಸು ಮತ್ತು ಹೆಸರಿಲ್ಲದ ಒಂದು ಬಾರು

ಎಲ್ಲರಿಗೂ ನಮಸ್ಕಾರ. ಪೋನಿಗೆ ನೀವು ಕನ್ನಡದಲ್ಲಿ ಏನನ್ನುತ್ತೀರಿ?

ಒಂಬತ್ತು ವರ್ಷದ ಮಗಳಿಗೆ ರಾತ್ರಿ ಹೊತ್ತು 'ಬ್ಲ್ಯಾಕ್ ಬ್ಯೂಟಿ' ಓದಿ ಹೇಳುತ್ತಿದ್ದೇನೆ. ಬ್ಯೂಟಿ ಅನ್ನುವ ಕುದುರೆ ತನ್ನ ಬದುಕಿನ ಕಥೆಯನ್ನು ತಾನೇ ಹೇಳುವ ಕಾದಂಬರಿ ಅದು. ಕೈಯಲ್ಲಿರುವ ಪುಸ್ತಕ ಇಂಗ್ಲಿಷಿನದು, ಬಾಯಲ್ಲಿ ಬರುವುದು ಕನ್ನಡ. ನಾನೂ ಅವಳ ವಯಸ್ಸಿನಲ್ಲೇ ಇದನ್ನು ಓದಿದ್ದೆ. ಶಾಲೆಯ ಲೈಬ್ರರಿಯಲ್ಲಿದ್ದ, ಮಕ್ಕಳಿಗೆಂದು ಚಿಕ್ಕದು ಮಾಡಿದ ಪ್ರತಿ ಅದು. ಆಗ ಗೊತ್ತಿಲ್ಲದ ಪದ ಬಂದರೆ ಹಾರಿಸಿಕೊಂಡು ಹೋಗುತ್ತಿದ್ದೆ. ಈಗ ಎದುರಿಗೆ ಕೂತವಳು ಹಾರಿಸಲು ಬಿಡುವುದಿಲ್ಲ.

ಈ ಕಥೆಯಲ್ಲಿ ಮೆರಿಲೆಗ್ಸ್ ಅಂತ ಒಂದು ದಪ್ಪನೆಯ ಬೂದು ಬಣ್ಣದ ಪೋನಿ ಇದೆ. ಚಿಕ್ಕಂದಿನಲ್ಲಿ ನಾನು ಅದನ್ನು ಕುದುರೆಮರಿ ಅಂದುಕೊಂಡಿದ್ದೆ. ಅಷ್ಟು ಮಕ್ಕಳು ಒಂದು ಮರಿಯ ಮೇಲೆ ಹತ್ತಿ ಕೂರುತ್ತಾರಲ್ಲ ಅಂತ ಅಯ್ಯೋ ಅನ್ನಿಸಿತ್ತು. ಮೊನ್ನೆ ಮತ್ತೆ ಓದಿದಾಗ ಚಿತ್ರವೇ ತಿರುಗಿತು. ಮೆರಿಲೆಗ್ಸ್ ಮರಿ ಅಲ್ಲ. ಚೆನ್ನಾಗಿ ಅನುಭವ ಇರುವ, ವಯಸ್ಸಿಗೆ ಬಂದ ಪ್ರಾಣಿ. ಈ ಮಕ್ಕಳಿಗೆ ಸವಾರಿ ಕಲಿಸುವ ಮೇಷ್ಟ್ರು ನಾನೇ ಅಂತ ತಾನೇ ಹೇಳಿಕೊಳ್ಳುತ್ತದೆ. ಕೋಲಿನಲ್ಲಿ ಹೊಡೆದ ಹುಡುಗರನ್ನು ಹಿಂಗಾಲಿನ ಮೇಲೆ ಎದ್ದು ನಿಂತು ಮೆಲ್ಲಗೆ ಹಿಂದಕ್ಕೆ ಜಾರಿಸುತ್ತದೆ. ಅದು ಸಿಟ್ಟಲ್ಲ, ಪಾಠ. 'ಕುದುರೆಮರಿ' ಅಂದ ಕೂಡಲೇ ಈ ಪಾಠ ಮರಿಯ ತುಂಟಾಟ ಆಗಿಬಿಡುತ್ತದೆ. ಒಂದು ಪದ ತಪ್ಪಿದ್ದಕ್ಕೆ ಒಂದು ಪಾತ್ರವನ್ನೇ ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆ.

ಪೋನಿ ಅನ್ನುವುದು ವಯಸ್ಸಿನ ಮಾತಲ್ಲ, ಎತ್ತರದ ಮಾತು. ಮುಪ್ಪಾದರೂ ಪೋನಿ ಪೋನಿಯೇ. ಸಾಮಾನ್ಯ ಲೆಕ್ಕದಲ್ಲಿ 14.2 'ಹ್ಯಾಂಡ್' ದಾಟದ್ದು ಪೋನಿ. ಇಲ್ಲಿ ಚುಕ್ಕೆ ದಶಾಂಶದ್ದಲ್ಲ: ಹದಿನಾಲ್ಕು ಹ್ಯಾಂಡ್, ಮೇಲೆ ಎರಡು ಇಂಚು. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. ಒಟ್ಟು 58 ಇಂಚು, ಸುಮಾರು 147 ಸೆಂಟಿಮೀಟರ್. ಅಳೆಯುವುದು ನೆಲದಿಂದ ಹೆಗಲಿನ ತನಕ, ತಲೆಯ ತನಕ ಅಲ್ಲ. ಪೋಲೊ ಆಟದಲ್ಲಿ ಮಾತ್ರ ಎತ್ತರ ಎಷ್ಟೇ ಇದ್ದರೂ ಪೋನಿ ಅಂತಲೇ ಕರೆಯುತ್ತಾರೆ.

ನಮ್ಮಲ್ಲಿ 'ತಟ್ಟು' ಇದೆಯಲ್ಲ, ಅದನ್ನೇ ಬಳಸಬಹುದು ಅಲ್ವಾ? ನಾನೂ ಹಾಗೇ ಶುರು ಮಾಡಿದೆ. ಅರ್ಥ ಸರಿಯಾಗಿ ಕೂರುತ್ತದೆ, ಆದರೆ ಪದದ ರುಚಿ ಬೇರೆ. ತಟ್ಟು ಅಂದರೆ ನನ್ನ ಕಣ್ಣಿಗೆ ಬರುವುದು ಬಸ್ ಸ್ಟ್ಯಾಂಡ್ ಎದುರು ಟಾಂಗಾಕ್ಕೆ ಕಟ್ಟಿದ, ಪಕ್ಕೆಲುಬು ಎಣಿಸಬಹುದಾದ ಬಡಕಲು ಕುದುರೆ. ಹಿಂದಿಯಲ್ಲಂತೂ 'ಭಾಡೇ ಕಾ ಟಟ್ಟೂ' ಅಂದರೆ ದುಡ್ಡು ಕೊಟ್ಟವರ ಕೆಲಸ ಮಾಡುವವನು ಅಂತ ಬೈಗುಳ. ಹೊಟ್ಟೆ ತುಂಬ ತಿಂದು, ಮನೆಮಂದಿಯ ಮುದ್ದಿನಲ್ಲಿರುವ ಮೆರಿಲೆಗ್ಸ್‌ಗೆ ಈ ಪದ ಹಾಕಲು ಮನಸ್ಸು ಬರುವುದಿಲ್ಲ. ಮಗಳಿಗಂತೂ 'ತಟ್ಟು' ಅಂದರೆ ಬಾಗಿಲು ತಟ್ಟುವುದೇ. ಸದ್ಯಕ್ಕೆ 'ಗಿಡ್ಡ ಕುದುರೆ' ಅನ್ನುತ್ತಿದ್ದೇನೆ. ಅದು ಬರೀ ವಿವರಣೆ, ಹೆಸರಲ್ಲ. ನಿಮ್ಮ ಕಡೆ ತಟ್ಟು ಅನ್ನುವುದನ್ನು ಪ್ರೀತಿಯಿಂದ ಹೇಳುತ್ತಾರಾ? ಹಾಗಿದ್ದರೆ ನಾಳೆಯಿಂದಲೇ ಅದಕ್ಕೆ ಮರಳುತ್ತೇನೆ.

ಎರಡನೆಯ ಪದದ ವಿಷಯದಲ್ಲಿ ಕನ್ನಡವೇ ಗೆದ್ದಿದೆ ಅಂತ ನನಗನ್ನಿಸುತ್ತದೆ. ಎಳೆ ಕುದುರೆಗೆ ಜೀನು, ಕಡಿವಾಣ ಹಾಕಿ ಕೆಲಸಕ್ಕೆ ತಯಾರು ಮಾಡುವುದಕ್ಕೆ ಇಂಗ್ಲಿಷಿನಲ್ಲಿ 'ಬ್ರೇಕ್' ಅನ್ನುತ್ತಾರೆ. ಮುರಿಯುವುದು! ನಾವು 'ಪಳಗಿಸು' ಅನ್ನುತ್ತೇವೆ. ನಮ್ಮ ತಾತ ಹೋರಿಯನ್ನು ನೊಗಕ್ಕೆ ಹೂಡುವ ಮುಂಚೆ ಇದೇ ಮಾತು ಹೇಳುತ್ತಿದ್ದರು. ಆನೆಗೂ ಇದೇ ಪದ. ನುರಿತ ಅಡುಗೆಯವರ ಕೈಯನ್ನೂ 'ಪಳಗಿದ ಕೈ' ಅನ್ನುತ್ತೇವೆ. ತಮಿಳಿನ 'ಪಳಗು' ಕೂಡ ರೂಢಿಯಾಗುವುದು, ಒಡನಾಡುವುದು ಅನ್ನುವ ಅರ್ಥದ್ದೇ. ಈ ಪದದಲ್ಲಿ ಮುರಿಯುವ ಸದ್ದೇ ಇಲ್ಲ.

ಬ್ಯೂಟಿಯನ್ನು ಅದರ ಮೊದಲ ಯಜಮಾನ ನಿಧಾನವಾಗಿ, ಓಟ್ಸ್ ತಿನ್ನಿಸುತ್ತಾ, ಒಳ್ಳೆಯ ಮಾತಾಡುತ್ತಾ ತಯಾರು ಮಾಡುತ್ತಾನೆ. ಅದಕ್ಕೆ 'ಪಳಗಿಸಿದ' ಅಂತ ಹೇಳಲು ಖುಷಿಯಾಯಿತು. ಆದರೆ ಬ್ಯೂಟಿ ಆಮೇಲೆ ಸೇರುವ ಲಾಯದ ಜಿಂಜರ್ ಅನ್ನುವ ಹೆಣ್ಣುಕುದುರೆ ತನ್ನ ಕಥೆ ಹೇಳುವಾಗ ನನ್ನ ಮಾತು ತಡೆಯಿತು. ಅವಳ ಬಾಯಿಗೆ ಬಲವಂತವಾಗಿ ಕಬ್ಬಿಣ ತುರುಕಿದ್ದಾರೆ. ಸ್ಯಾಮ್ಸನ್ ಅನ್ನುವವನು ಅವಳ ಛಲ ಇಂಗುವ ತನಕ ದಣಿಸಲು ನೋಡಿದ್ದಾನೆ. ಇಲ್ಲೂ ಇಂಗ್ಲಿಷಿನ ಪದ ಅದೇ. ಇದನ್ನೂ 'ಪಳಗಿಸಿದರು' ಅಂದರೆ ಸುಳ್ಳಾಗುತ್ತದೆ. ನಾನು 'ಸೊಕ್ಕು ಮುರಿದರು' ಅಂದೆ. ಮಗಳು ತಕ್ಷಣ ಕೇಳಿದಳು, "ಅವಳಿಗೆ ಸೊಕ್ಕು ಎಲ್ಲಿತ್ತು?" ನಿಜ. 'ಸೊಕ್ಕು' ಅಂದಾಗ ನಾನು ಹೊಡೆಯುವವನ ಕಡೆ ನಿಂತು ಮಾತಾಡಿದ ಹಾಗಾಯಿತು. 'ಬಗ್ಗಿಸು', 'ಮಣಿಸು' ಎರಡನ್ನೂ ನೋಡಿದೆ. 'ಮಣಿಸು' ಅಂದರೆ ಕುಸ್ತಿಯಲ್ಲಿ ಗೆದ್ದ ಹಾಗೆ ಕೇಳುತ್ತದೆ. ಕೊನೆಗೆ 'ಹಿಂಸೆ ಮಾಡಿ ಬಗ್ಗಿಸಿದರು' ಅಂದೆ. ಇದಕ್ಕಿಂತ ಚಿಕ್ಕ, ಗಟ್ಟಿ ಪದ ಇದ್ದರೆ ಹೇಳಿ.

ಇದೇ ಇಂಗ್ಲಿಷ್ ಪದ ಮುಂದೆ ಮತ್ತೆ ಬರುತ್ತದೆ. ಬ್ಯೂಟಿ ಎಡವಿ ಬಿದ್ದು ಅದರ ಮಂಡಿ 'ಮುರಿಯುತ್ತದೆ'. ಚಿಕ್ಕಂದಿನಲ್ಲಿ ಮೂಳೆ ಮುರಿಯಿತು ಅಂದುಕೊಂಡಿದ್ದೆ. ಮತ್ತೆ ಹೇಗೆ ಓಡುತ್ತದೆ ಅನ್ನುವುದು ಬಗೆಹರಿದಿರಲಿಲ್ಲ. ಕುದುರೆ ಜನರ ಮಾತಿನಲ್ಲಿ ಅದಕ್ಕೆ ಮಂಡಿಯ ಚರ್ಮ ಕಿತ್ತು ಕಲೆ ಉಳಿಯುವುದು ಅಂತ ಅರ್ಥ. ಆ ಕಲೆ ನೋಡಿದವರು ಇದು ಬೀಳುವ ಕುದುರೆ ಅಂತ ಬೆಲೆ ಇಳಿಸುತ್ತಾರೆ. 'ಮಂಡಿ ಕಿತ್ತುಹೋಯಿತು' ಅಂದರೆ ಸಾಕು ಅನ್ನಿಸಿತು.

ಇನ್ನೊಂದು ಪದ ಈ ಪುಸ್ತಕದ್ದಲ್ಲ, ಆದರೂ ಹೇಳಿಬಿಡುತ್ತೇನೆ. 1930ರಿಂದ ಮುಂದೆ ಇಂಗ್ಲೆಂಡಿನಲ್ಲಿ ಬಂದ ಮಕ್ಕಳ ಪೋನಿ ಕಥೆಗಳಲ್ಲಿ 'ಜಿಮ್ಖಾನಾ' ಪದೇ ಪದೇ ಬರುತ್ತದೆ. ಅಲ್ಲಿ ಅದು ಮಕ್ಕಳು ಪೋನಿ ಏರಿ ಪಂದ್ಯ ಆಡುವ ದಿನ. ನಮ್ಮಲ್ಲಿ ಜಿಮ್ಖಾನಾ ಅಂದರೆ ಕ್ಲಬ್ಬು, ಮೈದಾನ. ಪದ ಇಲ್ಲಿಂದಲೇ ಹೋದದ್ದು. ಹಾಗಂತ ಅನುವಾದದಲ್ಲಿ ಸುಮ್ನೆ ಹಾಗೇ ಇಟ್ಟರೆ ನಮ್ಮ ಮಕ್ಕಳು ಕ್ರಿಕೆಟ್ ಅಂದುಕೊಳ್ಳುತ್ತಾರೆ. 'ಸವಾರಿ ಪಂದ್ಯ' ಸಾಕು.

ಕೊನೆಯದು ಆ ಬಾರು. ಶ್ರೀಮಂತರ ಗಾಡಿಗಳಲ್ಲಿ ಕುದುರೆಯ ತಲೆ ಯಾವಾಗಲೂ ಮೇಲಿರಲಿ ಅಂತ ಒಂದು ಬಾರು ಬಿಗಿಯುತ್ತಿದ್ದರು. ಇಂಗ್ಲಿಷಿನಲ್ಲಿ ಅದು 'ಬೇರಿಂಗ್ ರೇನ್'. ಬರೀ ಚೆಂದಕ್ಕೆ. ಏರು ಹತ್ತುವಾಗ ಕುದುರೆ ಕತ್ತು ಚಾಚಿ ಎಳೆಯಬೇಕು. ಈ ಬಾರು ಅದಕ್ಕೆ ಬಿಡುವುದಿಲ್ಲ. ಬರೆದ ಅನ್ನಾ ಸ್ಯೂವೆಲ್‌ಗೆ ಇದರ ಮೇಲೆ ಎಷ್ಟು ಸಂಕಟ ಇತ್ತು ಅನ್ನುವುದು ಈಗ ಕಾಣುತ್ತದೆ. ಅವರು ಹದಿನಾಲ್ಕನೇ ವಯಸ್ಸಿಗೆ ಬಿದ್ದು ಕಾಲು ನೋಯಿಸಿಕೊಂಡು, ಆಮೇಲೆ ಓಡಾಟಕ್ಕೆ ಕುದುರೆಗಾಡಿಯನ್ನೇ ನಂಬಿದ್ದವರು. ಪುಸ್ತಕ ಬಂದದ್ದು 1877ರಲ್ಲಿ, ಅವರು ತೀರಿಕೊಂಡದ್ದು 1878ರಲ್ಲಿ. ಬರೆದದ್ದು ಮಕ್ಕಳಿಗಲ್ಲ, ಕುದುರೆ ಜೊತೆ ಕೆಲಸ ಮಾಡುವವರಿಗೆ. ಮೊದಲ ಪುಟದಲ್ಲಿ ತಮ್ಮನ್ನು ಲೇಖಕಿ ಅಂತ ಹೇಳದೆ, ಕುದುರೆಯ ಭಾಷೆಯಿಂದ ಅನುವಾದ ಮಾಡಿದವರು ಅಂತ ಹಾಕಿಕೊಂಡಿದ್ದಾರೆ. ಹಾಗಾಗಿ ಈ ಬಾರಿಗೆ ಸರಿಯಾದ ಹೆಸರು ಕೊಡದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

'ಎತ್ತುಬಾರು' ಅಂದುಕೊಂಡೆ. ಕೇಳಿದವರಿಗೆ ಎತ್ತಿನ ಬಾರು ಅನ್ನಿಸುತ್ತದೆ. 'ಕತ್ತುಬಾರು' ಅಂದರೆ ಕತ್ತಿಗೆ ಸುತ್ತಿದ ಬಾರು ಆಗುತ್ತದೆ. ಲಗಾಮು, ವಾಘೆ ಎರಡೂ ಬೇರೆ ವಸ್ತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಜಟಕಾ ಅಥವಾ ಟಾಂಗಾ ಇದ್ದರೆ, ಕುದುರೆಗೆ ಸಾಮಾನು ಕಟ್ಟುವಾಗ ಹಿರಿಯರು ಒಂದೊಂದು ಬಾರಿಗೂ ಯಾವ ಹೆಸರು ಹೇಳುತ್ತಿದ್ದರು ಅಂತ ಕೇಳಿ ತಿಳಿಸಿ. ಊರಿನ ಹೆಸರನ್ನೂ ಬರೆಯಿರಿ. ಜಿಂಜರ್ ಆ ಬಾರಿನ ವಿರುದ್ಧ ಸಿಡಿದೇಳುವ ಅಧ್ಯಾಯ ಭಾನುವಾರ ರಾತ್ರಿಗೆ ಬರುತ್ತದೆ.