ವಿಟ್ನಿ ಜಿನ್ನಿನ ಮಾದರಿ: ಕಾಳು ಯಾಕ ದಾಟಿ ಬರ್ತಾವ, ಫಲಕದ ಮ್ಯಾಲ ಏನು ಬರೀಬೇಕು?

ಪ್ರಶ್ನೆ: ಬೈಲಹೊಂಗಲ ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ಶಾಲಾ ವಸ್ತುಪ್ರದರ್ಶನಕ್ಕ ಒಂಬತ್ತನೇ ಇಯತ್ತೆ ಹುಡುಗ್ರು ಅಮೆರಿಕಾದ ಇಲೈ ವಿಟ್ನಿ 1793ರಾಗ ಮಾಡಿದ ಹತ್ತಿ ಜಿನ್ನಿನ, ಅಂದ್ರ ಕಾಳಿನಿಂದ ಅರಳಿ (ಹತ್ತಿ ಎಳಿ) ಬಿಡಿಸೂ ಯಂತ್ರದ, ಮಾದರಿ ಕಟ್ಟಾಕತ್ತಾರ. 10 ಸೆಂ.ಮೀ ದಪ್ಪ, 25 ಸೆಂ.ಮೀ ಉದ್ದದ ಕಟ್ಟಿಗಿ ಉರುಳಿಗೆ ಸಾಲಾಗಿ ತಂತಿ ಬಡದಾರ. ಮುಂದ ತಗಡಿನ ಪಟ್ಟಿಗಳ ಜಾಳಿಗಿ ಐತಿ, ಸೀಳು 5 ಮಿ.ಮೀ. ಹಿಂದ ಬ್ರಷ್ ಹಚ್ಚಿದ ಇನ್ನೊಂದು ಉರುಳಿ. ಎರಡಕ್ಕೂ ಒಂದೇ ಬೆಲ್ಟ್, ಒಂದೇ ಅಳತಿ ಪುಲ್ಲಿ.

ತೊಂದರಿ ಎರಡು. ಅರಳಿ ಜೋಡಿ ಕಾಳೂ ದಾಟಿ ಬರ್ತಾವ. ಆಮ್ಯಾಲ ನಾಕು ಸುತ್ತು ತಿರುಗಿಸೂದ್ರಾಗ ಅರಳಿ ತಂತಿಗೆ ಸುತ್ಕೊಂಡು ಉರುಳಿ ನಿಂತುಬಿಡ್ತೈತಿ. ಹಾಕಿದ್ದು ಜಯಧರ ಹತ್ತಿ.

ಮೂರನೇದು ಫಲಕದ ಮಾತು. ಹುಡುಗ್ರು "ಈ ಯಂತ್ರ ಬಂದ ಮ್ಯಾಲ ಅಮೆರಿಕಾದಾಗ ಗುಲಾಮರ ದುಡಿತ ಕಡಿಮಿ ಆತು" ಅಂತ ಬರದಾರ. ಇದು ಖರೆ ಐತೇನ್ರಿ? ಮತ್ತ ನಮ್ಮೂರ ಜಿನ್ನಿಂಗ್ ಫ್ಯಾಕ್ಟರಿಯೊಳಗ ಇರೂದು ಇದೇ ಯಂತ್ರದ ಮುಂದಿನ ರೂಪ ಅಂತ ಬರದ್ರ ನಡಿತೈತೇನು?

ಉತ್ತರ 1: ಜಿನ್ ಫಿಟ್ಟರ್, ಬಾಗಲಕೋಟಿ

ಮಾಸ್ತರ್ರ, ನಿಮ್ಮ ಎರಡೂ ತೊಂದರಿಗೆ ಕಾರಣ ನೀವ ಬರದದ್ರಾಗ ಅದಾವ.

ಮೊದಲು ಸೀಳು. ಜಯಧರ ಜವಾರಿ ಜಾತಿ, ಕಾಳು ಸಣ್ಣದು. 5 ಮಿ.ಮೀ ಸೀಳಿನ್ಯಾಗ ಆರಾಮ ಹೊಕ್ಕೊಂಡು ಬರ್ತೈತಿ. ವಿಟ್ನಿಯ ಯುಕ್ತಿ ಎಲ್ಲಾ ಇರೂದ ಈ ಸೀಳಿನೊಳಗ: ತಂತಿ ದಾಟಬೇಕು, ತಂತಿ ಹಿಡಿದ ಅರಳಿ ದಾಟಬೇಕು, ಕಾಳು ಮಾತ್ರ ಆಚೆ ಬದಿ ಉಳೀಬೇಕು. 18 ಗೇಜಿನ ತಂತಿ ಸುಮಾರು 1.2 ಮಿ.ಮೀ ಇರ್ತೈತಿ. ಅದಕ್ಕ 3 ಮಿ.ಮೀ ಸೀಳು ಸಾಕು. ಸಾಲಿಂದ ಸಾಲಿಗೆ 12 ಮಿ.ಮೀ ಅಂತರ ಇಡ್ರಿ, ಅಂದ್ರ ಪಟ್ಟಿ 9 ಮಿ.ಮೀ, ಸೀಳು 3 ಮಿ.ಮೀ. ನಿಮ್ಮ 25 ಸೆಂ.ಮೀ ಉರುಳಿಗೆ ಎರಡೂ ತುದಿಗೆ ಒಂದೊಂದು ಸೆಂ.ಮೀ ಬಿಟ್ರ 20 ಸಾಲು ಕೂಡ್ತಾವ. ಪಟ್ಟಿಯ ಅಂಚು ಕಾನಸಿನಿಂದ ಉಜ್ಜಿ ನುಣ್ಣಗ ಮಾಡ್ರಿ. ಅಂಚಿನ್ಯಾಗ ಸಣ್ಣ ಮುಳ್ಳು ಉಳದ್ರೂ ಅರಳಿ ಅಲ್ಲೇ ಸಿಕ್ಕೊಂಡು ಸೀಳು ಕಟ್ಟತೈತಿ. ಪಟ್ಟಿ ಉರುಳಿಯ ಮೈಗೆ ಆದಷ್ಟು ಹತ್ರ ಇರಬೇಕು, ತಂತಿಯ ತುದಿ ಪಟ್ಟಿಯಿಂದ ಒಂದು ಸೆಂ.ಮೀ ಮುಂದ ಚಾಚಬೇಕು.

ಎರಡನೇದು ಬ್ರಷ್. ಒಂದೇ ಅಳತಿ ಪುಲ್ಲಿ, ನೆಟ್ಟನ ಬೆಲ್ಟ್ ಅಂದ್ರ ಎರಡೂ ಉರುಳಿ ಒಂದೇ ದಿಕ್ಕಿಗೆ ತಿರುಗ್ತಾವ. ಆಗ ತಾಗೂ ಜಾಗದಾಗ ಅವು ಎದುರುಬದುರು ಸಾಗಿ, ಬ್ರಷ್ಷು ಅರಳಿಯನ್ನ ತಂತಿಯ ಬುಡಕ್ಕ ಇನ್ನಷ್ಟು ದಬ್ಬತೈತಿ. ಬೆಲ್ಟನ್ನ ಎಂಟರ ಆಕಾರದಾಗ ಅಡ್ಡ ಹಾಕ್ರಿ. ಆಗ ಉರುಳಿಗಳು ವಿರುದ್ಧ ದಿಕ್ಕಿಗೆ ತಿರುಗಿ, ತಾಗೂ ಜಾಗದಾಗ ಎರಡೂ ಒಂದೇ ಕಡೆ ಸಾಗ್ತಾವ. ಅಷ್ಟ ಸಾಲೂದಿಲ್ಲ, ಬ್ರಷ್ಷು ಓಡಿ ಮುಂದ ಹೋಗಬೇಕು. ತಂತಿ ಉರುಳಿಗೆ 12 ಸೆಂ.ಮೀ ಪುಲ್ಲಿ, ಬ್ರಷ್ಷಿಗೆ 3 ಸೆಂ.ಮೀ ಪುಲ್ಲಿ ಹಾಕಿದ್ರ ನಾಕು ಪಟ್ಟು ವೇಗ ಬರ್ತೈತಿ. ಬ್ರಷ್ಷಿನ ಎಳಿ ತಂತಿಯ ತುದಿಯೊಳಗ 1-2 ಮಿ.ಮೀ ಹೋದ್ರ ಸಾಕು. ಹೆಚ್ಚು ಒತ್ತಿದ್ರ ಉರುಳಿ ಬಿಗೀತೈತಿ.

ತಂತಿ ನೆಟ್ಟಗ ನಿಂತಿದ್ರ ಹತ್ತಿ ಹಿಡಿಯೂದಿಲ್ಲ, ತಿರುಗೂ ದಿಕ್ಕಿಗೆ ಮುಂಬಾಗಿಸ್ರಿ. ಪೂರಾ ಕೊಕ್ಕಿ ಮಾಡಬ್ಯಾಡ್ರಿ, ಹಿಡದದ್ದನ್ನ ಬಿಡೂದಿಲ್ಲ. ಒಂದು ಸಾಲಿಗೆ 16 ತಂತಿ ಹಿಡದ್ರ ಒಟ್ಟು 320 ಆಗ್ತಾವ. ಪ್ರತಿಯೊಂದು ಅದರ ಸೀಳಿನ ನಡುವ ಹೋಗ್ತೈತೋ ಇಲ್ಲೋ ಅಂತ ಹತ್ತಿ ಹಾಕೂ ಮೊದಲು ಖಾಲಿ ತಿರುಗಿಸಿ ನೋಡ್ರಿ. ಒಂದು ತಂತಿ ಪಟ್ಟಿಗೆ ತಿಕ್ಕಿದ್ರ ಆ ಸಾಲೆಲ್ಲಾ ಕೆಡತೈತಿ. ಇಷ್ಟು ತಂತಿ ಬಡಿಯೂದು ಬ್ಯಾಸರ ಅನಿಸಿದ್ರ ತಗಡಿನ ಚಕ್ರಕ್ಕ ಗರಗಸದ ಹಲ್ಲು ಕತ್ತರಿಸಿ, ನಡುವ ಕಟ್ಟಿಗಿ ವಾಷರ್ ಕೊಟ್ಟು ಒಂದೇ ಸಲಾಕಿಗೆ ಪೋಣಿಸ್ರಿ. ಆದ್ರ ಅದು ವಿಟ್ನಿದಲ್ಲ, 1796ರಾಗ ಜಾರ್ಜಿಯಾದ ಹಾಡ್ಜೆನ್ ಹೋಮ್ಸ್ ಪೇಟೆಂಟ್ ತಗೊಂಡ ಗರಗಸದ ಜಿನ್ನು. ಫಲಕದಾಗ ಹಂಗ ಬರೀಬೇಕಾಗ್ತೈತಿ.

ಹತ್ತಿ ಎರಡು ಮೂರು ತಾಸು ಬಿಸಿಲಿಗೆ ಹಾಕಿ, ಕೈಲೆ ಬಿಡಿಸಿ, ಒಂದ್ಸಲಕ್ಕ ಒಂದು ಮುಷ್ಟಿಯಷ್ಟ ಹಾಕ್ರಿ. ತ್ಯಾವ ಇದ್ದ ಅರಳಿ ಎಂಥಾ ಜಿನ್ನಿನ್ಯಾಗೂ ಸುತ್ಕೋತೈತಿ. ಮತ್ತ ಮ್ಯಾಲೆ ಜಾಳಿಗಿ ಮುಚ್ಚಳ ಹಾಕದ ಪ್ರದರ್ಶನಕ್ಕ ಇಡಬ್ಯಾಡ್ರಿ. ಸಣ್ಣ ಮಕ್ಕಳು ಮೊದಲು ಕೈ ಹಾಕೂದ ಅಲ್ಲಿ.

ಉತ್ತರ 2: ಇತಿಹಾಸ ಉಪನ್ಯಾಸಕಿ, ವಿಜಯಪುರ

ಸರ್, ಫಲಕದ ಆ ವಾಕ್ಯವನ್ನು ದಯವಿಟ್ಟು ಅಳಿಸಿ. ಆಗಿದ್ದು ಪೂರ್ತಿ ಉಲ್ಟಾ. 1790ರ ಜನಗಣತಿಯಲ್ಲಿ ಅಮೆರಿಕದ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ. 1860ರಲ್ಲಿ ಅದು 39 ಲಕ್ಷ ದಾಟಿತ್ತು. ಅದೇ ಅವಧಿಯಲ್ಲಿ ಹತ್ತಿ ಬೆಳೆ ವರ್ಷಕ್ಕೆ ಕೆಲವೇ ಸಾವಿರ ಬೇಲ್‌ಗಳಿಂದ 40 ಲಕ್ಷ ಬೇಲ್‌ಗಳ ಆಸುಪಾಸಿಗೆ ಏರಿತು. ಈ ಎರಡು ಏರಿಕೆಗಳನ್ನು ಅಕ್ಕಪಕ್ಕ ತೋರಿಸಿದರೆ ಹುಡುಗರ ಫಲಕ ಗಟ್ಟಿಯಾಗುತ್ತದೆ.

ಕಾರಣ ಮಕ್ಕಳಿಗೂ ಅರ್ಥವಾಗುವಂಥದ್ದೇ. ಅಮೆರಿಕದಲ್ಲಿ ಆಗ ಎರಡು ಬಗೆಯ ಹತ್ತಿ ಇತ್ತು. ಜಾರ್ಜಿಯಾ, ದಕ್ಷಿಣ ಕೆರೊಲಿನಾದ ಕರಾವಳಿಯ ಸೀ ಐಲ್ಯಾಂಡ್ ಹತ್ತಿಯ ಎಳೆ ಉದ್ದ, ಬೀಜ ನುಣುಪು. ನಮ್ಮ ದೇಶದ ಚರಕಿಯಂಥ ಎರಡು ಉರುಳೆಗಳ ನಡುವೆ ಕೊಟ್ಟರೆ ಅದರ ಅರಳೆ ಸುಲಭವಾಗಿ ಬಿಡುತ್ತಿತ್ತು. ಆದರೆ ಅದು ಕರಾವಳಿ ಬಿಟ್ಟು ಒಳನಾಡಿನಲ್ಲಿ ಬೆಳೆಯುತ್ತಿರಲಿಲ್ಲ. ಒಳನಾಡಿನಲ್ಲಿ ಬೆಳೆಯುವ ಅಪ್‌ಲ್ಯಾಂಡ್ ಹತ್ತಿಯ ಹಸಿರು ಬೀಜಕ್ಕೆ ಎಳೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕೈಯಲ್ಲಿ ಬಿಡಿಸಿದರೆ ಒಬ್ಬರಿಂದ ದಿನಕ್ಕೆ ಒಂದು ಪೌಂಡ್ ಅರಳೆ, ಅಂದರೆ ಅರ್ಧ ಕಿಲೋಗಿಂತ ಕಡಿಮೆ. ಬೆಳೆದರೆ ಲಾಭವಿಲ್ಲ ಎಂಬ ಕಾರಣಕ್ಕೇ ಆ ಬೆಳೆ ನಿಂತಿತ್ತು.

ವಿಟ್ನಿ 1794ರ ಮಾರ್ಚ್‌ನಲ್ಲಿ ಪೇಟೆಂಟ್ ಪಡೆದ ಕೈಜಿನ್ನು ದಿನಕ್ಕೆ 50 ಪೌಂಡ್‌ ಅರಳೆ ಕೊಡುತ್ತಿತ್ತು. ಕಟ್ಟೆ ಒಡೆದಿದ್ದು ಇಲ್ಲಿ. ಯಂತ್ರ ಉಳಿಸಿದ್ದು ಬೀಜ ಬಿಡಿಸುವ ದುಡಿಮೆಯನ್ನು ಮಾತ್ರ. ಉಳುವುದು, ಕಳೆ ತೆಗೆಯುವುದು, ಕಾಯಿ ಒಡೆದ ಮೇಲೆ ಹತ್ತಿ ಬಿಡಿಸುವುದು, ಇವೆಲ್ಲ ಕೈಕೆಲಸವಾಗಿಯೇ ಉಳಿದವು. 50 ಪೌಂಡ್ ಅರಳೆಗೆ ಹೊಲದಿಂದ ಸುಮಾರು 150 ಪೌಂಡ್ ಹತ್ತಿ ಬರಬೇಕು. ಒಂದು ಜಿನ್ನು ದಿನವಿಡೀ ತಿರುಗಬೇಕಾದರೆ ಹೊಲದಲ್ಲಿ ಎಷ್ಟು ಕೈ ಬೇಕು ಎಂದು ಹುಡುಗರೇ ಲೆಕ್ಕ ಹಾಕಲಿ. ಸಂಜೆ ಪ್ರತಿಯೊಬ್ಬರ ಬುಟ್ಟಿ ತೂಗುತ್ತಿದ್ದರು, ತೂಕ ಕಡಿಮೆ ಬಿದ್ದರೆ ಚಾಟಿ ಏಟು. ಗಿಡದಿಂದ ಹತ್ತಿ ಬಿಡಿಸುವ ಯಂತ್ರ ಅಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದ್ದು ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ.

ಇನ್ನೂ ಒಂದು ಸಂಗತಿ ಸೇರಿಸಿ. 1808ರಿಂದ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಕಾನೂನು ನಿಷೇಧಿಸಿತು. ಆಗ ವ್ಯಾಪಾರ ದೇಶದೊಳಗೇ ಬೆಳೆಯಿತು. ವರ್ಜೀನಿಯಾ, ಮೇರಿಲ್ಯಾಂಡ್‌ ಕಡೆಯಿಂದ ಸುಮಾರು ಹತ್ತು ಲಕ್ಷ ಜನರನ್ನು ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾದ ಹತ್ತಿ ನೆಲಕ್ಕೆ ಸಾಗಿಸಿದರು. ತಾಯಿ ಒಬ್ಬನ ಪಾಲು, ಮಗು ಇನ್ನೊಬ್ಬನ ಪಾಲು. ಆ ನೆಲವೂ ಖಾಲಿ ಇರಲಿಲ್ಲ: 1830ರ ಕಾಯ್ದೆಯ ನಂತರ ಚೆರೋಕಿ, ಕ್ರೀಕ್, ಚಾಕ್ಟಾ ಮೊದಲಾದ ಮೂಲನಿವಾಸಿಗಳನ್ನು ಅಲ್ಲಿಂದ ಎಬ್ಬಿಸಿ ಮಿಸಿಸಿಪ್ಪಿ ನದಿಯಾಚೆ ಓಡಿಸಲಾಗಿತ್ತು.

ಉತ್ತರದ ರಾಜ್ಯಗಳನ್ನೂ ಮರೆಯಬೇಡಿ. ರೋಡ್ ಐಲ್ಯಾಂಡ್‌ನ ಪಾಟಕೆಟ್‌ನಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ 1790ರಲ್ಲೇ ನೀರಿನ ಬಲದಿಂದ ನೂಲುವ ಯಂತ್ರ ಓಡಿಸಿದ್ದ. 1820ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಮೆರಿಮ್ಯಾಕ್ ನದಿಗೆ ಕಾಲುವೆ ತೋಡಿ ಸಾಲು ಸಾಲು ಗಿರಣಿ ಕಟ್ಟಿದರು. ಗುಲಾಮರು ಬೆಳೆದ ಹತ್ತಿ ಅಲ್ಲಿಗೆ ಹೋಗಿ, ಅದರಲ್ಲೇ ನೇಯ್ದ ಒರಟು ಬಟ್ಟೆ ತಿರುಗಿ ಗುಲಾಮರಿಗೆ ಉಡಿಸಲು ದಕ್ಷಿಣಕ್ಕೆ ಬರುತ್ತಿತ್ತು. ಅಮೆರಿಕದ ಕೈಗಾರಿಕೆಯ ಮೊದಲ ಬಂಡವಾಳದ ದಾರಿ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ವಿಟ್ನಿಗೆ ಜಿನ್ನಿನಿಂದ ದುಡ್ಡಾಗಲಿಲ್ಲ. ಅವನೂ ಪಾಲುದಾರ ಮಿಲ್ಲರನೂ ಯಂತ್ರ ಮಾರದೆ, ಹತ್ತಿ ತೆಗೆದುಕೊಟ್ಟು ಐದರಲ್ಲಿ ಎರಡು ಪಾಲು ಕೇಳಿದರು. ರೈತರು ಒಪ್ಪಲಿಲ್ಲ. ಯಂತ್ರ ಸರಳವಾಗಿದ್ದರಿಂದ ಊರೂರಿನ ಕಮ್ಮಾರರೇ ಮಾಡಿಕೊಂಡರು. ಮೊಕದ್ದಮೆಗಳಲ್ಲಿ ವರ್ಷಗಳು ಕಳೆದವು, ಕೊನೆಗೆ ಗೆದ್ದಾಗ ಪೇಟೆಂಟ್ ಅವಧಿಯೇ ಮುಗಿಯುತ್ತ ಬಂದಿತ್ತು.

ಉತ್ತರ 3: ಹತ್ತಿ ದಲಾಲ, ಬೆಳಗಾವಿ

ನಿಮ್ಮೂರ ಜಿನ್ನಿನ ಪ್ರಶ್ನೆಗೆ ಇಬ್ಬರೂ ಬಂದಿಲ್ಲ, ಅದನ್ನು ನಾನು ಹೇಳುತ್ತೇನೆ. ನಮ್ಮ ಕಡೆಯ ಫ್ಯಾಕ್ಟರಿಗಳಲ್ಲಿ ಹೆಚ್ಚಾಗಿ ಇರುವುದು ಡಬಲ್ ರೋಲರ್ ಜಿನ್ನು. ಅದು ವಿಟ್ನಿಯ ವಂಶದ್ದಲ್ಲ. ಆದರೂ ಮೂಲ ಅಮೆರಿಕದ್ದೇ: 1840ರಲ್ಲಿ ಅಲಬಾಮಾದ ಫೋನ್ಸ್ ಮೆಕಾರ್ಥಿ ಪೇಟೆಂಟ್ ಪಡೆದ ರೋಲರ್ ಜಿನ್ನು. ಇದರಲ್ಲಿ ಹಲ್ಲಿಲ್ಲ. ಚರ್ಮದ ರೋಲರು ಎಳೆಯನ್ನು ಹಿಡಿದು ಸ್ಥಿರವಾದ ಚಾಕುವಿನ ಅಡಿ ಎಳೆದುಕೊಳ್ಳುತ್ತದೆ, ಕಾಳು ಒಳಗೆ ಹೋಗಲಾರದೆ ಚಾಕುವಿನ ಅಂಚಿನಲ್ಲಿ ನಿಲ್ಲುತ್ತದೆ, ಆಡುವ ಚಾಕು ಅದನ್ನು ತಟ್ಟಿ ಕೆಡವುತ್ತದೆ. ಎಳೆ ತುಂಡಾಗುವುದು ಕಡಿಮೆ, ಗಂಟು ಕಡಿಮೆ. ಅದಕ್ಕೇ ಉದ್ದೆಳೆಯ ಡಿಸಿಎಚ್-32 ಹತ್ತಿಗೆ ಇದೇ ಸರಿ. ಗರಗಸದ ಜಿನ್ನಿನ ಕೆಲಸ ಬಿರುಸು, ಆದರೆ ಎಳೆಗೆ ಪೆಟ್ಟು ಬೀಳುತ್ತದೆ.

ಹಾಗಂತ ಗರಗಸದ ಜಿನ್ನು ನಮ್ಮ ಸೀಮೆಗೆ ಬಂದೇ ಇಲ್ಲ ಅಂತಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಕರೆಸಿ, ನ್ಯೂ ಆರ್ಲಿಯನ್ಸ್ ಬೀಜ, ಗರಗಸದ ಜಿನ್ನು ಎರಡನ್ನೂ ಧಾರವಾಡ ಸೀಮೆಯ ಎರಿ ಹೊಲಗಳಲ್ಲಿ ಪರೀಕ್ಷಿಸಿತು. ಬೇರೆ ಬಹಳ ಕಡೆ ಸೋತ ಆ ಬೀಜ ಇಲ್ಲಿ ನೆಲೆಯೂರಿ "ಧಾರವಾಡ ಅಮೆರಿಕನ್" ಎಂದು ಪೇಟೆಯಲ್ಲಿ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಮುಂಬಯಿ ಪೇಟೆಯಲ್ಲಿ ದರ ಹಾರಿತು. ದರದ ಆಸೆಗೆ ಜವಾರಿ ಅರಳೆ ಬೆರೆಸುವುದು, ಕಾಳು, ಮಣ್ಣು ಸೇರಿಸುವುದು ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿ ಕಲಬೆರಕೆಗೇ ಒಂದು ಕಾಯ್ದೆ ತಂದಿತು. 1865ರಲ್ಲಿ ಯುದ್ಧ ಮುಗಿದದ್ದೇ ದರ ಕುಸಿದು ಎಷ್ಟೋ ಪೇಢಿಗಳು ಮುಳುಗಿದವು. ನಿಮ್ಮ ಹುಡುಗರ ಫಲಕದಲ್ಲಿ ಅಮೆರಿಕದ ನಕಾಶೆಯ ಪಕ್ಕ ಧಾರವಾಡ ಸೀಮೆಯ ನಕಾಶೆಗೂ ಜಾಗ ಕೊಡಿ.

ಮರುಪ್ರಶ್ನೆ: ಬೈಲಹೊಂಗಲ ಮಾಸ್ತರ

ಭಾಳ ಉಪಕಾರ ಆತ್ರಿ. ಅಡ್ಡ ಬೆಲ್ಟ್ ಹಾಕಿದ ಮ್ಯಾಲ ಸುತ್ಕೊಳ್ಳೂದು ನಿಂತೈತಿ. ಎರಡು ಮಾತು ಉಳದಾವ. ಜಯಧರ ಬಿಟ್ಟು ಯಾವ ಹತ್ತಿ ಹಾಕ್ಬೇಕು? ಬಂದೂಕಿನ ಬಿಡಿಭಾಗ ಒಂದಕ್ಕೊಂದು ಕೂಡೂ ಹಂಗ ಮಾಡಿದಾವ ವಿಟ್ನಿ ಅಂತಾರಲ್ಲ, ಅದನ್ನೂ ಬರೀಲೇನು?

ಉತ್ತರ 4: ಜಿನ್ ಫಿಟ್ಟರ್, ಬಾಗಲಕೋಟಿ

ಈಗ ರೈತರು ಹಾಕೂ ಯಾವುದರ ಬಿಟಿ ಹತ್ತಿ ತಗೋರಿ. ಅದು ಅಪ್‌ಲ್ಯಾಂಡ್ ಜಾತೀದು, ವಿಟ್ನಿ ಜಿನ್ನು ಹುಟ್ಟಿದ್ದ ಅದರ ಸಲುವಾಗಿ. ಕಾಳು ದೊಡ್ಡದು, 3 ಮಿ.ಮೀ ಸೀಳು ದಾಟೂದಿಲ್ಲ. 300 ಗ್ರಾಂ ತೂಗಿ ಹಾಕಿ, ಬಂದ ಅರಳಿ ತೂಗ್ರಿ. 100 ಗ್ರಾಂ ಆಸುಪಾಸು ಬಂದ್ರ ಮಾದರಿ ಸರಿ ಐತಿ. 70-80ಕ್ಕ ನಿಂತ್ರ ಕಾಳಿನ ಮ್ಯಾಲ ಅರಳಿ ಉಳದೈತಿ, ತಂತಿ ಇನ್ನೊಂದೆರಡು ಮಿ.ಮೀ ಚಾಚ್ರಿ.

ಉತ್ತರ 5: ಇತಿಹಾಸ ಉಪನ್ಯಾಸಕಿ, ವಿಜಯಪುರ

ಬಂದೂಕಿನ ವಿಷಯ ಹಾಗೇ ಬರೆಯಬೇಡಿ ಸರ್. 1798ರಲ್ಲಿ ಎರಡು ವರ್ಷದೊಳಗೆ 10,000 ಬಂದೂಕು ಕೊಡುವ ಕರಾರು ಮಾಡಿಕೊಂಡ ವಿಟ್ನಿ ಪೂರ್ತಿ ಕೊಟ್ಟಿದ್ದು 1809ಕ್ಕೆ. ಅವನ ಭಾಗಗಳನ್ನು ಅರ ಹಾಕಿ ಹೊಂದಿಸಬೇಕಾಗುತ್ತಿತ್ತು. ನಿಜವಾಗಿ ಅದಲು ಬದಲು ಮಾಡಬಹುದಾದ ಭಾಗಗಳು ಸಿದ್ಧವಾದದ್ದು 1820ರ ದಶಕದಲ್ಲಿ, ಹಾರ್ಪರ್ಸ್ ಫೆರಿಯ ಕಾರ್ಖಾನೆಯಲ್ಲಿ, ಜಾನ್ ಹಾಲ್ ಕೈಯಲ್ಲಿ. ಜಾಗ ಕಡಿಮೆ ಇದ್ದರೆ ಬಂದೂಕು ಬಿಟ್ಟುಬಿಡಿ. ಆ ಜಾಗಕ್ಕೆ 1790 ಮತ್ತು 1860ರ ಜನಗಣತಿಯ ಎರಡು ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ.