ಫೋರ್ ವೀಲ್ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು? ಅನುಭವ ಇದ್ದವರು ಹೇಳಿ

ಹೊಸ ಪಿಕಪ್:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯವನು. ಇಷ್ಟು ದಿನ ಮಾಮೂಲಿ ಪಿಕಪ್ ಇತ್ತು, ಈಗ ಫೋರ್ ಬೈ ಫೋರ್ ಡಬಲ್ ಕ್ಯಾಬ್ ತಗೊಂಡಿದ್ದೇನೆ. ಫೋರ್ ವೀಲ್ ಹಾಕಲು ಎಳೆಯುವ ಗೂಟ ಇಲ್ಲ, ತಿರುಗಿಸುವ ಸ್ವಿಚ್ಚು. 2ಎಚ್ (ಹಿಂದಿನ ಎರಡು ಚಕ್ರ ಮಾತ್ರ), 4ಎಚ್ (ನಾಲ್ಕೂ ಚಕ್ರ, ಮಾಮೂಲಿ ವೇಗ), 4ಎಲ್ (ನಾಲ್ಕೂ ಚಕ್ರ, ನಿಧಾನದ ‘ಲೋ’ ಗೇರು) ಅಂತ ಇದೆ. ಡಾಂಬರು ರಸ್ತೆಯಿಂದ ತೋಟದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣು ರಸ್ತೆ. ನಡುವೆ ಒಂದು ಕಡಿದಾದ ಏರು, ಅಲ್ಲಿ ಮಾತ್ರ ಪಂಚಾಯಿತಿ ಕಾಂಕ್ರೀಟ್. ಮಳೆಗಾಲ ಪೂರ್ತಿ 4ಎಚ್‌ನಲ್ಲೇ ಬಿಟ್ಟರೆ ತೊಂದರೆ ಇದೆಯಾ? ಲೋ ಯಾವಾಗ ಹಾಕಬೇಕು? ಟೈರ್ ಬದಲಿಸಬೇಕಾ?

ಕಾಫಿ ಕಣ:
ಬಿಡಲೇಬೇಡಿ. ನನ್ನ ಗಾಡಿ ಕಥೆ ಕೇಳಿ. ಡ್ರೈವರ್ ಹುಡುಗ ತೋಟದಿಂದ 4ಎಚ್‌ನಲ್ಲಿ ಇಳಿದವನು, ಅದನ್ನು ತೆಗೆಯದೆ ಹಾಗೇ ಹಾಸನಕ್ಕೆ ಹೋಗಿ ಬರುತ್ತಿದ್ದ. ಒಂದು ದಿನ ಪೇಟೆಯಲ್ಲಿ ನಾನೇ ಓಡಿಸುವಾಗ ಗೊತ್ತಾಯಿತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಜಗ್ಗುತ್ತಿತ್ತು. ಮುಂದಿನ ಟೈರು ಡಾಂಬರಿನ ಮೇಲೆ ಕಿರ್ ಕಿರ್ ಅಂತ ಉಜ್ಜುತ್ತಿತ್ತು. ಅಷ್ಟರಲ್ಲಿ ಒಳಗೆ ಆಗುವುದೆಲ್ಲ ಆಗಿತ್ತು.

ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ನಮ್ಮ ಈ ಗಾಡಿಗಳಲ್ಲಿ ಮಧ್ಯದಲ್ಲಿ ಡಿಫರೆನ್ಷಿಯಲ್, ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. 4ಎಚ್ ಹಾಕಿದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ಸಮ ತಿರುಗುತ್ತವೆ. ಕೆಸರಲ್ಲಾದರೆ ಟೈರು ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಲ್ಲಿ ಜಾರುವುದಿಲ್ಲ, ಆ ಬಿಗಿಯೆಲ್ಲ ಗೇರು, ಶಾಫ್ಟಿನ ಮೇಲೆ.

ಖರ್ಚು ಬರೆದುಕೊಳ್ಳಿ. ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಚೈನು 38,500. ಬೇರಿಂಗು, ಸೀಲು 14,200. ಬಿಚ್ಚಿ ಕಟ್ಟುವ ಕೂಲಿ 12,000. ಹಾಸನಕ್ಕೆ ಎಳೆದುಕೊಂಡು ಹೋದ ಗಾಡಿಗೆ 7,500. ವಾರಂಟಿ ಇತ್ತು, ಆದರೆ ಸರ್ವೀಸ್ ಸೆಂಟರಿನವನು ‘ಬಳಕೆಯ ತಪ್ಪು’ ಅಂತ ಒಂದೇ ಸಾಲು ಬರೆದು ಕೈತೊಳೆದುಕೊಂಡ. ಅದೂ ಹಣ್ಣು ಕೊಯ್ಲಿನ ಹೊತ್ತಿಗೆ. ಬಾಡಿಗೆ ಪಿಕಪ್ಪಿಗೆ ದಿನಕ್ಕೆ 2,200 ಕೊಟ್ಟೆ. ಚೀಲ ಇಳಿಸುವ ಕೂಲಿ ಬೇರೆ. ಇವತ್ತಿಗೂ ಆ ಬಿಲ್ಲು ಡ್ಯಾಶ್‌ಬೋರ್ಡಿನಲ್ಲೇ ಇದೆ, ಹೊಸ ಡ್ರೈವರ್ ಬಂದರೆ ಮೊದಲು ಅದನ್ನೇ ಓದಿಸುತ್ತೇನೆ.

ಹಳೇ ಜೀಪು:
ಸ್ವಿಚ್ ತಿರುಗಿಸುವವರಿಗೆಲ್ಲ ಇದೇ ಪಾಡು. ನನ್ನದು ಅಪ್ಪನ ಕಾಲದ ಮಹೀಂದ್ರಾ ಜೀಪು, ಎಂಎಂ 540. ಮಳೆಯಲ್ಲಿ ಇಳಿದು, ಮುಂದಿನ ಎರಡೂ ಚಕ್ರವನ್ನು ಆ್ಯಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಕೈಯಲ್ಲೇ ತಿರುಗಿಸಿ, ಆಮೇಲೆ ಗೂಟ ಎಳೆಯಬೇಕು. ಡಾಂಬರಿಗೆ ಬಂದಾಗ ಮತ್ತೆ ಇಳಿಯಬೇಕು. ಬಟ್ಟೆ ಒದ್ದೆಯಾಗುತ್ತದೆ ನೋಡಿ, ಅದಕ್ಕೇ ಮರೆಯುವುದಿಲ್ಲ!

ಲೋ ವಿಷಯ. ಎಲ್ಲರೂ ಏರಿಗೆ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಇಳಿಜಾರಿಗೆ. ಲೋ ಹಾಕಿ, ಫಸ್ಟ್ ಗೇರು, ಕ್ಲಚ್ ಮೇಲೆ ಕಾಲೇ ಇಡಬಾರದು. ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ. ಹೆದರಿ ಬ್ರೇಕ್ ಒತ್ತಿದಿರೋ, ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಸೀದಾ ಧರೆಗೆ.

ಟೈರಿನ ಮಾತೇ ಬೇಡ. ಆರಿದ್ರಾ ಮಳೆ ಹಿಡಿದ ಮೇಲೆ ಹಿಂದಿನ ಚಕ್ರಕ್ಕೆ ಚೈನು ಕಟ್ಟಿದರೆ ಟೂ ವೀಲಲ್ಲೇ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಘಾಟಿ ಸವಾರ:
ಬೆಂಗಳೂರಿನಿಂದ. ನನ್ನದು 2020ರಲ್ಲಿ ಬಂದ ಥಾರ್, ತಗೊಂಡಾಗಿನಿಂದ ಆಫ್‌ರೋಡ್ ಮಾಡುತ್ತಿದ್ದೇನೆ. ಚೈನು, ಹಗ್ಗ ಎಲ್ಲ ಹಳೇ ಕಾಲದ ಮಾತು ಸರ್. ಹೊಸಬರು ಮೊದಲು ತಿಳಿಯಬೇಕಾದದ್ದು ಡಿಫರೆನ್ಷಿಯಲ್ ಲಾಕ್, ಅಂದರೆ ಎಡ ಬಲ ಚಕ್ರ ಒಂದೇ ಸಮ ತಿರುಗುವ ಹಾಗೆ ಕಟ್ಟಿಹಾಕುವುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಲಾಕ್ ಇಲ್ಲದಾಗ ಮುಂದೆ ಒಂದು, ಹಿಂದೆ ಒಂದು ಚಕ್ರ ಗಾಳಿಯಲ್ಲಿದ್ದರೆ ಆ ಎರಡೇ ಸುಮ್ಮನೆ ತಿರುಗುತ್ತವೆ, ನೆಲದಲ್ಲಿರುವ ಎರಡು ನಿಂತಿರುತ್ತವೆ. ಟೊಯೊಟಾ ಹೈಲಕ್ಸ್‌ಗೆ ಹಿಂದೆ ಲಾಕ್ ಇದೆ. ಮಾರುತಿ ಜಿಮ್ನಿಗೆ ಲಾಕ್ ಇಲ್ಲ, ಜಾರುವ ಚಕ್ರವನ್ನು ಬ್ರೇಕಿನಿಂದ ಹಿಡಿಯುತ್ತದೆ. ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ.

ಎರಡನೆಯದು ಟೈರು. ನಾನು ಮಡ್ ಟೆರೇನ್ (ಕೆಸರಿಗೆಂದೇ ಆಳ ಹಲ್ಲಿನ ಟೈರು) ಹಾಕಿಸಿದೆ, ನಾಲ್ಕಕ್ಕೆ 62,000, ಅಲೈನ್‌ಮೆಂಟು, ಬ್ಯಾಲೆನ್ಸಿಂಗು 2,400. ಮೈಲೇಜು ಒಂದೂವರೆ ಕಿಲೋಮೀಟರ್ ಕಡಿಮೆಯಾಯಿತು, ಹೈವೇಯಲ್ಲಿ ಗುಂಯ್ ಅನ್ನುತ್ತದೆ, ಮನೆಯವರು ಆ ಗಾಡಿ ಹತ್ತುವುದಿಲ್ಲ. ಆದರೂ ಒಂದು ರೂಪಾಯಿ ದಂಡ ಅನಿಸಿಲ್ಲ. ಕೆಸರಿಗೆ ಇಳಿಯುವ ಮೊದಲು ಗಾಳಿ 32ರಿಂದ 20ಕ್ಕೆ ಇಳಿಸಿ, ಡಾಂಬರಿಗೆ ಬಂದ ಮೇಲೆ ತುಂಬಿಸಿ. ಅದಕ್ಕೊಂದು ಕಂಪ್ರೆಸರ್ ಬೇಕು, 5,800.

ಹಳೇ ಜೀಪು:
ಗಾಳಿ ಇಳಿಸುವುದು ಮರಳಿಗೆ ಸ್ವಾಮಿ. ನಮ್ಮ ಕೆಸರು ಮೇಲೆ ಅರ್ಧ ಅಡಿ ಇರುತ್ತದೆ, ಕೆಳಗೆ ಗಟ್ಟಿ. ಸಣ್ಣ ಟೈರು ಅದನ್ನು ಸೀಳಿ ಗಟ್ಟಿಗೆ ಮುಟ್ಟುತ್ತದೆ. ನಿಮ್ಮ ಅಗಲ ಟೈರು ಮೇಲೇ ತೇಲುತ್ತದೆ. ದಿನಾ ಹಾಲಿನ ಕ್ಯಾನ್ ಇಟ್ಟುಕೊಂಡು ಇಳಿಯುವವನು ಎರಡು ಕಿಲೋಮೀಟರಿಗೊಂದು ಸಲ ಕಂಪ್ರೆಸರ್ ಹಿಡಿದು ಕೂರಬೇಕಾ?

ಘಾಟಿ ಸವಾರ:
ತಳವೇ ಸಿಗದ ಕೆಸರಲ್ಲಿ ಸಣ್ಣ ಟೈರು ಆ್ಯಕ್ಸಲ್‌ವರೆಗೂ ಹೂತುಹೋಗುತ್ತದೆ. ಎಳೆದು ತೆಗೆದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಮಲೆನಾಡು ಗಿಡ್ಡ:
ಎಳೆದು ತೆಗೆದಿರಂತೆ. ರಸ್ತೆ ಯಾರು ಸರಿಮಾಡಿದರು? ನಮ್ಮೂರ ಗುಡ್ಡಕ್ಕೆ ಶನಿವಾರ ಬಂದರೆ ಸಾಲಾಗಿ ನಿಮ್ಮಂಥವರ ಗಾಡಿ. ಮಳೆಯಲ್ಲೇ ಬರಬೇಕು, ಕೆಸರಲ್ಲೇ ಗರ್ರನೆ ಟೈರು ತಿರುಗಿಸಬೇಕು, ಮುಖಕ್ಕೆಲ್ಲ ಕೆಸರು ಬಳಿದುಕೊಂಡು ಫೋಟೋ ಹೊಡೆದುಕೊಳ್ಳಬೇಕು. ಸೋಮವಾರ ಶಾಲೆ ಮಕ್ಕಳ ಆಟೋ ಅದೇ ಕೊರಕಲಲ್ಲಿ ಕೂತಿತ್ತು. ಜೆಸಿಬಿ ಕರೆಸಿ ಸಮ ಮಾಡಿಸಿದೆವು, ಗಂಟೆಗೆ 1,300ರ ಹಾಗೆ. ಮೇಲೆ ಎರಡು ಲೋಡು ಜಲ್ಲಿ. ಮನೆಗೆ 900 ಹಂಚಿಕೊಂಡೆವು. ನಿಮ್ಮ 62,000ದ ಟೈರಿನವರು ಒಬ್ಬರೂ ಒಂದು ಬುಟ್ಟಿ ಕಲ್ಲು ಹಾಕಿಲ್ಲ.

ಹಳೇ ಜೀಪಿನವರಿಗೂ ಒಂದು ಮಾತು. ಚೈನು ಕಟ್ಟಿಕೊಂಡು ಕಾಂಕ್ರೀಟ್ ಏರು ಹತ್ತುವವರಿಂದಲೇ ನಮ್ಮ ರಸ್ತೆ ಕಿತ್ತುಹೋಗಿದ್ದು. ಮೇಲಿನ ಪದರ ಎದ್ದು ಜಲ್ಲಿ ಬಾಯಿ ಬಿಟ್ಟಿದೆ.

ಹಳೇ ಜೀಪು:
ಚೈನಿನಿಂದ ಕಿತ್ತುಹೋಗುವ ಕಾಂಕ್ರೀಟಿಗೆ ಸಿಮೆಂಟ್ ಎಷ್ಟು ಹಾಕಿದ್ದರು ಅಂತ ಕಂಟ್ರಾಕ್ಟರನ್ನು ಕೇಳಿ. ನಮ್ಮ ಕಡೆ ನಮ್ಮ ಕಣ್ಣೆದುರೇ ಹಾಕಿಸಿದ ರಸ್ತೆ ಗುಂಡುಕಲ್ಲಿನ ಹಾಗೆ ಇದೆ.

ಏಲಕ್ಕಿ ಅಕ್ಕ:
ಕೇಳಿದವರು ಒಂದು ಕಡೆ, ನೀವೆಲ್ಲ ಒಂದು ಕಡೆ. ತಮ್ಮಾ, ಆ ಕಾಂಕ್ರೀಟ್ ಏರು ನೇರ ಇದ್ದರೆ 4ಎಚ್‌ನಲ್ಲೇ ಹತ್ತಿಸು, ಅಷ್ಟಕ್ಕೆ ಏನೂ ಆಗುವುದಿಲ್ಲ. ತಿರುವು ಇದ್ದರೆ ತೆಗಿ.

ನಾನು ಸಕಲೇಶಪುರದ ಕಡೆ. ತೋಟ ನಾನೇ ನೋಡಿಕೊಳ್ಳುತ್ತೇನೆ, ಗಾಡಿಯೂ ನಾನೇ. ನನಗೆ ಫೋರ್ ವೀಲಿಗಿಂತ ಜಾಸ್ತಿ ಕಾಡಿದ್ದು ನೀರು. ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲಿನವರು ಹಳ್ಳದಲ್ಲಿ ಮನಸೋ ಇಚ್ಛೆ ಇಳಿಸಿದ್ದರು, ಮಾರುವಾಗ ಒಂದು ಮಾತು ಹೇಳಲಿಲ್ಲ. ಹಿಂದಿನಿಂದ ಊಂ ಅಂತ ಸದ್ದು ಶುರುವಾಯಿತು. ಹಿಂದಿನ ಆ್ಯಕ್ಸಲ್‌ನ ಆಯಿಲ್ ಬಿಚ್ಚಿದರೆ ಬಂದಿದ್ದು ಹಾಲು ಹಾಕಿದ ಕಾಫಿ ಬಣ್ಣದ್ದು. ಬಿಸಿಯಾದ ಆ್ಯಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಆ್ಯಕ್ಸಲ್ ಒಳಗಿನ ಗೇರು ಜೋಡಿ, ಕ್ರೌನ್ ಪಿನಿಯನ್ 27,000, ಬೇರಿಂಗ್ ಸೆಟ್ 9,600, ಎರಡು ಸಲ ಆಯಿಲ್ ಬದಲಿಸಿದ್ದು 3,400. ಮೊದಲ ಗ್ಯಾರೇಜಿನವನು ಪಿನಿಯನ್ ಸರಿಯಾಗಿ ಸೆಟ್ ಮಾಡದೆ ಮತ್ತೆ ಬಿಚ್ಚಿಸಿದ್ದು 6,000. ಗಂಡಸರು ಯಾರಾದರೂ ಬಂದಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅಂತ ನನಗೆ ಈಗಲೂ ಸಿಟ್ಟು.

ಇನ್ನೊಂದು. ಬೇಸಿಗೆಯಲ್ಲಿ ಬೇಡ ಅಂತ ಫೋರ್ ವೀಲ್ ಮುಟ್ಟದೇ ಬಿಡಬೇಡ. ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸು. ಮುಂದಿನ ಗೇರಿಗೆಲ್ಲ ಆಯಿಲ್ ತಾಗಲಿ.

ಕಾಫಿ ಕಣ:
ನೇರ ಇದ್ದರೆ ಪರವಾಗಿಲ್ಲ ಅನ್ನಬೇಡಿ ಅಕ್ಕ. ನನ್ನ ಡ್ರೈವರ್ ಹಾಸನದ ರಸ್ತೆಯೂ ನೇರ ಇದೆ ಅಂತಲೇ ಹೇಳಿದ್ದು.

ಏಲಕ್ಕಿ ಅಕ್ಕ:
ನೂರು ಅಡಿ ಏರಿಗೂ ಹಾಸನಕ್ಕೂ ವ್ಯತ್ಯಾಸ ಇಲ್ವಾ ಮಾರಾಯ್ರೇ? ಒದ್ದೆ ಕಾಂಕ್ರೀಟಿನಲ್ಲಿ ಪಾಚಿ ಹಿಡಿದಿರುತ್ತದೆ. ಅಲ್ಲಿ 2ಎಚ್‌ಗೆ ಹಾಕಿ ಅರ್ಧದಲ್ಲಿ ಹಿಂದೆ ಜಾರಿದರೆ ನಿಮ್ಮ 38,500 ಸಣ್ಣ ಲೆಕ್ಕ ಆಗುತ್ತದೆ.

ಹೊಸ ಪಿಕಪ್:
ಎಲ್ಲರಿಗೂ ಥ್ಯಾಂಕ್ಸ್, ಜಗಳ ಬೇಡ. ಇವತ್ತು ಇಳಿಜಾರಿಗೆ 4ಎಲ್ ಹಾಕಿ ನೋಡಿದೆ, ಚೆನ್ನಾಗಿ ಹಿಡಿಯಿತು. ಆದರೆ ಕೆಳಗೆ ಬಂದು 2ಎಚ್‌ಗೆ ತಿರುಗಿಸಿದರೆ ಲೈಟು ಮಿನುಗುತ್ತಲೇ ಇದೆ, ಬಿಡುತ್ತಿಲ್ಲ.

ಏಲಕ್ಕಿ ಅಕ್ಕ:
ಪೂರ್ತಿ ನಿಲ್ಲಿಸಿ ನ್ಯೂಟ್ರಲ್ ಮಾಡಿ ತಿರುಗಿಸಿದೆಯಾ? ಲೋಗೆ ಹಾಕುವಾಗಲೂ ತೆಗೆಯುವಾಗಲೂ ಹಾಗೇ. ಓಡುತ್ತಾ ಬದಲಿಸುವುದೇನಿದ್ದರೂ 2ಎಚ್, 4ಎಚ್ ನಡುವೆ ಮಾತ್ರ, ಅದೂ ಸ್ಟಿಯರಿಂಗ್ ನೇರ ಇದ್ದಾಗ. ಆದರೂ ಬಿಡದಿದ್ದರೆ ನೇರವಾಗಿ ಹತ್ತು ಅಡಿ ರಿವರ್ಸ್ ತಗೋ. ಒಳಗಿನ ಬಿಗಿ ಸಡಿಲವಾಗಿ ಟಕ್ ಅಂತ ಬಿಡುತ್ತದೆ.

ಹೊಸ ಪಿಕಪ್:
ಬಿಟ್ಟಿತು ಅಕ್ಕ, ರಿವರ್ಸ್ ತಗೊಂಡ ಮೇಲೆ. ಟೈರಿಗೆ ಸದ್ಯಕ್ಕೆ ದುಡ್ಡಿಲ್ಲ, ಈ ಮಳೆಗೆ ಚೈನೇ ನೋಡುತ್ತೇನೆ. ಯಾರ ಹತ್ತಿರವಾದರೂ ಹಳೇದು ಇದೆಯಾ?

ಹಳೇ ಜೀಪು:
ನನ್ನ ಹತ್ತಿರ ಒಂದು ಜೊತೆ ಜಾಸ್ತಿ ಇದೆ, 3,000ಕ್ಕೆ ಕೊಡುತ್ತೇನೆ. ಜೀಪಿನ 6.00-16 ಅಳತೆಯ ಟೈರಿನದು. ನಿಮ್ಮ ಅಗಲ ಟೈರಿಗೆ ಕೊಂಡಿ ಸೇರಿಸಿ ಬೆಸುಗೆ ಹಾಕಿಸಬೇಕು.

ಮಲೆನಾಡು ಗಿಡ್ಡ:
ಕಾಂಕ್ರೀಟ್ ಬಂದಲ್ಲಿ ಬಿಚ್ಚಿ ಹತ್ತಿಸಿ ಅಂತಲೂ ಹೇಳಿ ಮಾರಿ.

ಹಳೇ ಜೀಪು:
ಅದಕ್ಕೆ ನೀವೇ ಬಂದು ಬಿಚ್ಚಿ ಕೊಡಿ. 500 ಕಡಿಮೆ ಮಾಡುತ್ತೇನೆ.