ಅಪ್ಪ ಕೆರೆದು ತೆಗೆದ ಕ್ಯೂಆರ್ ಸ್ಟಿಕ್ಕರ್ ಮತ್ತೆ ಅಂಟಿಸಲಾ?

ಬೇಕರಿ ಮಗ

ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಊರು ಹಾಸನದ ಕಡೆ. ದಿಲ್‌ಪಸಂದ್, ಪಫ್ಸ್, ಖಾರಾ ಬನ್ನು, ಮುಂದೆ ಡಬ್ಬಿಗಳಲ್ಲಿ ನಿಪ್ಪಟ್ಟು, ಕೋಡುಬಳೆ, ಪಕ್ಕದಲ್ಲಿ ಟೀ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಹೋದವಲ್ಲ, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂದದ್ದನ್ನು ಅಪ್ಪ ಟಿವಿಯಲ್ಲಿ ನೋಡಿದರು. ಅವತ್ತು ರಾತ್ರಿ ಶಟರ್ ಎಳೆಯುವ ಮುಂಚೆ ಚಾಕು ತಗೊಂಡು ಸ್ಟಿಕ್ಕರ್ ಕೆರೆದು ಹಾಕಿದರು. ದುಡ್ಡು ಬಂತು ಅಂತ ಕೂಗುತ್ತಿದ್ದ ಡಬ್ಬಿ ಈಗಲೂ ಗಲ್ಲಾ ಕೆಳಗೆ ಮಲಗಿದೆ. ನಮಗೆ ಯಾವ ನೋಟಿಸೂ ಬಂದಿಲ್ಲ, ಅದು ಬೇರೆ ಮಾತು.

ಆವತ್ತಿಂದ ಬೋರ್ಡು ಒಂದೇ: ಕ್ಯಾಶ್ ಮಾತ್ರ. ಸಂಜೆ ಆಫೀಸು ಮುಗಿಸಿ ಬರುವ ಹುಡುಗರು ಪಫ್ಸ್ ಕೈಯಲ್ಲಿ ಹಿಡಿದು, ಬೋರ್ಡು ನೋಡಿ, ವಾಪಸ್ ಇಟ್ಟು ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪ ಹೇಳುವುದು, ಕ್ಯಾಶ್ ಆದರೆ ಯಾರೂ ಕೇಳಲ್ಲ ಅಂತ. ಇನ್ನೊಂದು ತೊಂದರೆ ಏನಂದ್ರೆ ಆ ಖಾತೆಗೇ ಅಕ್ಕನ ಮದುವೆಗೆ ಮಾವ ಕೊಟ್ಟ ಸಾಲ, ಅಮ್ಮನ ಚೀಟಿ ದುಡ್ಡು ಎಲ್ಲಾ ಬಂದಿದೆ. ಸ್ಟಿಕ್ಕರ್ ಮತ್ತೆ ಅಂಟಿಸಲಾ, ಬೇಡವಾ? ಇದೇ ಥರ ಅಂಗಡಿ ಇರುವವರು ಹೇಳಿ.

ಗಿರಾಕಿ ಅಷ್ಟೇ

ಅಂಟಿಸಿ ಮಾರಾಯ್ರೇ. ನಾನು ಜೇಬಿನಲ್ಲಿ ದುಡ್ಡು ಇಟ್ಟುಕೊಳ್ಳುವುದನ್ನೇ ಮರೆತಿದ್ದೇನೆ. ಕ್ಯಾಶ್ ಕೊಟ್ಟರೂ ಚಿಲ್ಲರೆ ಇಲ್ಲ ಅಂತ ಎರಡು ಚಾಕೊಲೇಟ್ ಕೈಗಿಡುತ್ತೀರಿ. ಅದೇ ಚಾಕೊಲೇಟನ್ನು ನಾಳೆ ನಾನು ವಾಪಸ್ ಕೊಟ್ಟರೆ ತಗೊಳ್ಳುತ್ತೀರಾ? ಹತ್ತು ವರ್ಷ ಈ ಚಾಕೊಲೇಟ್ ತಿಂದೇ ನನ್ನ ಹಲ್ಲು ಹಾಳಾಗಿದ್ದು. ಯುಪಿಐ ಬಂದ ಮೇಲೆ 17 ರೂಪಾಯಿ ಅಂದರೆ 17 ರೂಪಾಯಿ, ಮುಗೀತು.

ಲೆಕ್ಕದವನು

ನಾನು ಇಂಥ ಅಂಗಡಿಗಳ ಜಿಎಸ್‌ಟಿ ಕೆಲಸವನ್ನೇ ಮಾಡುವುದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಅಪ್ಪ ಅಂದುಕೊಂಡಿರುವುದು ತಪ್ಪು. ವಹಿವಾಟು ಅಂದರೆ ಕ್ಯಾಶ್, ಯುಪಿಐ, ಚೆಕ್ಕು ಎಲ್ಲಾ ಸೇರಿ. ಸ್ಟಿಕ್ಕರ್ ತೆಗೆದ ಮಾತ್ರಕ್ಕೆ ವಹಿವಾಟು ಕಡಿಮೆ ಆಗಲ್ಲ, ಕಣ್ಣಿಗೆ ಬೀಳುವುದು ಕಡಿಮೆ ಆಗುತ್ತದೆ ಅಷ್ಟೇ. ಹಳೇ ವರ್ಷಗಳ ಲೆಕ್ಕ ಆಗಲೇ ಬ್ಯಾಂಕಿನಲ್ಲಿ ಕೂತಿದೆ, ಅದನ್ನು ಚಾಕುವಿನಿಂದ ಕೆರೆಯಕ್ಕಾಗಲ್ಲ.

ಈಗ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಾದ ಮಿತಿ. ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಹೆಚ್ಚೂಕಮ್ಮಿ 11 ಸಾವಿರ. ಆದರೆ ನಿಮ್ಮ ಟೀ ಇದೆಯಲ್ಲ, ತಕರಾರು ಇರುವುದು ಅಲ್ಲೇ. ಅಲ್ಲೇ ನಿಂತು ಕುಡಿಯಲು, ತಿನ್ನಲು ಕೊಟ್ಟರೆ ಅದು ಹೋಟೆಲ್ ಥರ, ಸೇವೆ ಅಂತ ಲೆಕ್ಕ. ಸೇವೆ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ದಿನಕ್ಕೆ ಐದೂವರೆ ಸಾವಿರ. ಬೆಂಗಳೂರಿನಲ್ಲಿ ಸ್ವಲ್ಪ ಓಡುವ ಬೇಕರಿ ಇದನ್ನು ದಾಟಿಯೇ ದಾಟುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ದಾಟಿದರೆ ಹೆದರುವಂಥದ್ದು ಏನಿಲ್ಲ. ಒಂದೂವರೆ ಕೋಟಿವರೆಗೆ ಕಾಂಪೋಸಿಶನ್ ಅಂತ ಒಂದು ದಾರಿ ಇದೆ. ಮಾರಾಟಗಾರರಿಗೆ 1%, ಹೋಟೆಲ್ ಥರದ್ದಕ್ಕೆ 5%, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಗಿರಾಕಿ ಹತ್ತಿರ ಬೇರೆಯಾಗಿ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗಿಲ್ಲ, ಖರೀದಿ ಮೇಲೆ ಕಟ್ಟಿದ್ದನ್ನು ವಾಪಸ್ ಕೇಳುವ ಹಾಗೂ ಇಲ್ಲ. ನಿಮ್ಮದು ಎಷ್ಟಕ್ಕೆ ಬೀಳುತ್ತದೆ ಅಂತ ಟೀ ಲೆಕ್ಕ ಇಟ್ಟುಕೊಂಡು ಹತ್ತಿರದವರನ್ನು ಕೇಳಿ, ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ.

ಹಾವೇರಿ ವಿಷಯಕ್ಕೆ ಬಂದರೆ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಬರೀ ಅದನ್ನೇ ಮಾರುವವರು ನೋಂದಣಿ ಕೂಡ ಮಾಡಿಸಬೇಕಿಲ್ಲ. ಯುಪಿಐಗೆ ಬಂದ ಮೊತ್ತ ಗೊತ್ತಾಗುತ್ತದೆ, ಅದು ಬದನೆಕಾಯಿಯದ್ದೋ ಸಾಬೂನಿನದ್ದೋ ಅಂತ ಗೊತ್ತಾಗಲ್ಲ. ಗಲಾಟೆ ಆಗಿದ್ದು ಅದಕ್ಕೇ. ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂತ ಆ ತಿಂಗಳೇ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳಿಗೆ ಹೇಳಿದರು, ವ್ಯಾಪಾರಿಗಳೂ ಜುಲೈ 25ಕ್ಕೆ ಕರೆದಿದ್ದ ಬಂದ್ ಕೈಬಿಟ್ಟರು.

ಸ್ಟಿಕ್ಕರ್‌ಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಅಂಗಡಿಗೆ ಬೇರೆ ಖಾತೆ ಮಾಡಿಸಿ. ಮಾವನ ಸಾಲ, ಚೀಟಿ ದುಡ್ಡು ಇರುವ ಖಾತೆಗೆ ಪಫ್ಸ್ ದುಡ್ಡು ಹಾಕಿದರೆ ನಾಳೆ ಯಾರಾದರೂ ಕೇಳಿದಾಗ ಯಾವುದು ಯಾವುದು ಅಂತ ಬಿಡಿಸಿ ಹೇಳಬೇಕಾದವರು ನೀವೇ.

ಕಿರಾಣಿ, ದಾವಣಗೆರೆ

ಲೆಕ್ಕದವರು ಹೇಳಿದ್ದು ಸರಿ, ಆದರೆ ಪೇಪರಿನ ಮೇಲೆ ಸರಿ. ತಮ್ಮಾ, ನಿಮ್ಮ ಅಪ್ಪ ಹೆದರಿರುವುದು 1%ಗೆ ಅಲ್ಲ. ಕಾಗದಕ್ಕೆ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಮನುಷ್ಯ ಯಾವ ಹೊತ್ತಿನಲ್ಲಿ ರಿಟರ್ನ್ ತುಂಬುತ್ತಾನೆ? ಅದಕ್ಕೊಬ್ಬರಿಗೆ ದುಡ್ಡು ಕೊಡಬೇಕು. ಇನ್ನೊಂದು, ವಹಿವಾಟು ಅಂದರೆ ಲಾಭ ಅಲ್ಲ. ಹಾಲಿನ ಪ್ಯಾಕೆಟ್ಟು, ಸಿಗರೇಟು ಮಾರಿದರೆ ಗಲ್ಲಾ ತುಂಬಿದ ಹಾಗೆ ಕಾಣುತ್ತದೆ, ಕೈಯಲ್ಲಿ ಉಳಿಯುವುದು ಚಿಲ್ಲರೆ ಕಾಸು.

ಹೀಗಂದ ಮಾತ್ರಕ್ಕೆ ನಾನು ಸ್ಟಿಕ್ಕರ್ ತೆಗೆದಿಲ್ಲ. ಒಂದು ವಾರ ತೆಗೆದು ನೋಡಿದೆ. ಉದ್ರಿ ಜಾಸ್ತಿ ಆಯಿತು! ಆಮೇಲೆ ಕೊಡ್ತೀನಿ ಅಣ್ಣ ಅಂತ ಹೋದವರು ಇವತ್ತಿಗೂ ಆ ರಸ್ತೆಯಲ್ಲಿ ಬರಲ್ಲ, ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಾರೆ. ಪುಸ್ತಕದಲ್ಲಿ ಹೆಸರು ಬರೆದಿಟ್ಟು ಏನು ಮಾಡಲಿ? ಎಂಟು ದಿನಕ್ಕೆ ಮತ್ತೆ ಅಂಟಿಸಿದೆ. ಆದರೆ ಆ ಕೂಗುವ ಡಬ್ಬಿ ಇಲ್ಲದೆ ಅಂಟಿಸಬೇಡಿ. ದುಡ್ಡು ಹಾಕಿದ ಹಾಗೆ ತೋರಿಸುವ ನಕಲಿ ಆ್ಯಪ್‌ಗಳಿವೆ, ಸ್ಕ್ರೀನ್ ತೋರಿಸಿ ಒಬ್ಬ ನನ್ನ ಹತ್ತಿರ ಐದು ಲೀಟರ್ ಎಣ್ಣೆ ಹೊಡೆದುಕೊಂಡು ಹೋದ. ಡಬ್ಬಿ ಕೂಗಿದರೆ ಮಾತ್ರ ಸಾಮಾನು, ಇಲ್ಲಾಂದ್ರೆ ನಿಂತಿರಲಿ.

ಗಿರಾಕಿ ಅಷ್ಟೇ

ನೆಟ್‌ವರ್ಕ್ ಇಲ್ಲದಾಗ ನಾನೂ ಹಾಗೇ ಹತ್ತು ನಿಮಿಷ ನಿಂತಿದ್ದೇನೆ, ಕಳ್ಳನ ಥರ. ಟೀ ಆರಿ ಹೋಯಿತು.

ಬೇಕರಿ ಮಗ

ಎಲ್ಲರಿಗೂ ಥ್ಯಾಂಕ್ಸ್. ಉದ್ರಿ ವಿಷಯ ಓದಿ ಹೇಳಿದೆ, ಅಪ್ಪ ನಕ್ಕರು, ಅವರ ಪುಸ್ತಕದಲ್ಲೂ ಅದೇ ಕಥೆಯಂತೆ. ಬೇರೆ ಖಾತೆ ಮಾಡಿಸಲು ಒಪ್ಪಿದ್ದಾರೆ, ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ. ಈಗ ಕನ್ನಡಕ ಹಾಕಿಕೊಂಡು ಹಳೇ ಪಾಸ್‌ಬುಕ್‌ನಲ್ಲಿ ಮಾವನ ಸಾಲಕ್ಕೆ, ಚೀಟಿ ದುಡ್ಡಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಕೂತಿದ್ದಾರೆ.

ಟೀ ವಿಷಯ ಇನ್ನೂ ಹೇಳಿಲ್ಲ.